ಬಿಸಿಲೇರಿದರೆ ಮಾಯವಾಗುತ್ತಿದ್ದ ದೋಷ: ಹನ್ನೆರಡು ವಿದ್ಯುತ್ ಟ್ರಕ್‌ಗಳ ಒಂದು ಪ್ರಕರಣ

ಬೆಳಗಿನ ಜಾವ ಐದಕ್ಕೆ ಹೊರಡಬೇಕಾದ ಟ್ರಕ್ ಹೊರಡುವುದಿಲ್ಲ. ಬ್ಯಾಟರಿ ನೂರಕ್ಕೆ ನೂರು ತುಂಬಿದೆ, ಸರಕು ಏರಿಸಿ ಆಗಿದೆ, ಆದರೆ ಡ್ಯಾಶ್‌ಬೋರ್ಡಿನಲ್ಲಿ ಕೆಂಪು ದೀಪ. ಮೆಕ್ಯಾನಿಕ್ ಬಂದು ಸೇರುವಾಗ ಒಂಬತ್ತೂವರೆ. ಅವನು ಕೀ ತಿರುಗಿಸಿದರೆ ಏನೂ ಆಗಿಯೇ ಇಲ್ಲವೇನೋ ಎಂಬಂತೆ ಗಾಡಿ ಎದ್ದು ಹೊರಡುತ್ತದೆ. ವರದಿಯಲ್ಲಿ ಅವನು ಬರೆಯುವುದು ಒಂದೇ ಸಾಲು: ‘ದೋಷ ಕಂಡುಬಂದಿಲ್ಲ.’ ಇಂಥ 31 ವರದಿಗಳು ಒಂದು ಫೈಲಿನಲ್ಲಿ ಸೇರಿದ ಮೇಲೆ ಆ ಫೈಲನ್ನು ನನ್ನ ಮೇಜಿಗೆ ತಂದಿಟ್ಟರು.

ವಿದ್ಯುತ್ ಟ್ರಕ್ ತಯಾರಿಸುವ ಆ ಹೊಸ ಕಂಪನಿಯ ಸರ್ವಿಸ್ ವಿಭಾಗಕ್ಕೆ ನಾನು ಸೇರಿ ಆಗ ಎರಡು ತಿಂಗಳು. ಕಂಪನಿಯ ಹೆಸರು, ಜಾಗ, ಗಾಡಿಯ ಮಾದರಿ ಯಾವುದನ್ನೂ ಇಲ್ಲಿ ಹೇಳುವುದಿಲ್ಲ. ಗುರುತು ಹತ್ತಬಹುದಾದ ಕೆಲವು ಅಂಕಿಗಳನ್ನು ತುಸು ಆಚೀಚೆ ಮಾಡಿದ್ದೇನೆ. ನಡೆದದ್ದರ ಕ್ರಮವನ್ನು ಮಾತ್ರ ಮುಟ್ಟಿಲ್ಲ. ನಾವು ಎಡವಿದ್ದು ಆ ಕ್ರಮದಲ್ಲೇ.

ಹಿನ್ನೆಲೆ

ಕಂಪನಿಗೆ ಐದು ವರ್ಷವಾಗಿತ್ತು. ನಮ್ಮದು ಒಟ್ಟು 16 ಟನ್ ತೂಕದ, ಮುಚ್ಚಿದ ಬಾಡಿಯ ಟ್ರಕ್. ಗೋದಾಮಿನಿಂದ ಹೊರಟು ಅಂಗಡಿ, ಆಸ್ಪತ್ರೆಗಳಿಗೆ ಸರಕು ಇಳಿಸಿ ಸಂಜೆ ಅದೇ ಡಿಪೊಗೆ ಮರಳುವ ಕೆಲಸಕ್ಕೆಂದೇ ಮಾಡಿದ್ದು. ಎಂಜಿನ್ ಇಲ್ಲದ ಷಾಸಿ ಒಬ್ಬ ದೊಡ್ಡ ತಯಾರಕರಿಂದ ಬರುತ್ತಿತ್ತು, ಮೋಟಾರು ಮತ್ತು ಇನ್ವರ್ಟರ್ ಇನ್ನೊಬ್ಬರದು, ಬ್ಯಾಟರಿ ಮತ್ತೊಬ್ಬರದು. ನಮ್ಮ ಸ್ವಂತದ್ದು ಎಂದು ಹೇಳಿಕೊಳ್ಳಬಹುದಾಗಿದ್ದದ್ದು ಗಾಡಿಯನ್ನು ನಡೆಸುವ ಸಾಫ್ಟ್‌ವೇರ್, ಕೇಬಲ್‌ಗಳ ಜೋಡಣೆ, ಮತ್ತು ಆ ಕೇಬಲ್‌ಗಳೆಲ್ಲ ಬಂದು ಸೇರುವ ಹೈ ವೋಲ್ಟೇಜ್ ಜಂಕ್ಷನ್ ಬಾಕ್ಸ್. ಈ ಕ್ಷೇತ್ರದ ಹೆಚ್ಚಿನ ಎಳೆಯ ಕಂಪನಿಗಳ ಸ್ಥಿತಿ ಇದೇ. ಕೊಂಡು ತಂದ ಭಾಗಗಳು ಒಂದಕ್ಕೊಂದು ಸೇರುವ ಜಾಗವೇ ಅವುಗಳ ಆಸ್ತಿ, ತಲೆನೋವು ಹುಟ್ಟುವುದೂ ಅಲ್ಲೇ.

ಬ್ಯಾಟರಿಯ ವಿಷಯ ಸ್ವಲ್ಪ ಹೇಳಬೇಕು, ಮುಂದೆ ಬೇಕಾಗುತ್ತದೆ. 70 ಯೂನಿಟ್ಟಿನ ನಾಲ್ಕು ಎಲ್‌ಎಫ್‌ಪಿ (ಲಿಥಿಯಂ ಕಬ್ಬಿಣ ಫಾಸ್ಫೇಟ್) ಪ್ಯಾಕ್‌ಗಳು. ಪ್ರತಿಯೊಂದರಲ್ಲೂ 3.2 ವೋಲ್ಟಿನ 192 ಸೆಲ್‌ಗಳು ಸರಣಿಯಲ್ಲಿ, ಅಂದರೆ ಸುಮಾರು 614 ವೋಲ್ಟ್. ಪೂರ್ತಿ ಚಾರ್ಜ್ ಆಗುವ ಹೊತ್ತಿಗೆ 700ರ ಅಂಚು. ನಾಲ್ಕೂ ಸೇರಿ ಎರಡು ಟನ್ ತೂಗುತ್ತಿದ್ದವು. ಕಿಲೋಮೀಟರಿಗೆ ಹೆಚ್ಚೂಕಡಿಮೆ ಒಂದು ಯೂನಿಟ್ ಖರ್ಚು. ದಿನದ ಓಟ 180 ಕಿಲೋಮೀಟರ್ ದಾಟುತ್ತಿರಲಿಲ್ಲ. ಹಾಗಾಗಿ ದಾರಿಯಲ್ಲಿ ಚಾರ್ಜ್ ಮುಗಿದೀತು ಎಂಬ ಭಯ, ಹೊರಗಿನವರು ಮೊದಲು ಕೇಳುವ ಪ್ರಶ್ನೆ, ನಮ್ಮನ್ನು ಒಂದು ದಿನವೂ ಕಾಡಲಿಲ್ಲ.

ಒಂದು ಸಾಗಣೆ ಕಂಪನಿ ಹನ್ನೆರಡು ಗಾಡಿಗಳನ್ನು ಒಂಬತ್ತು ತಿಂಗಳ ಪರೀಕ್ಷಾ ಓಟಕ್ಕೆ ತೆಗೆದುಕೊಂಡಿತ್ತು. ನೂರು ಹೊರಡುವಿಕೆಗಳಲ್ಲಿ 95 ಸಮಯಕ್ಕೆ ಸರಿಯಾಗಿ ಆದರೆ ಮುಂದೆ 60 ಗಾಡಿಗಳ ಆರ್ಡರ್. ಆ ಆರ್ಡರ್ ಕೈಗೆ ಬಂದರೆ ಹೂಡಿಕೆದಾರರಿಂದ ಮುಂದಿನ ಕಂತು. ಕಂತು ಬಂದರೆ ಸಂಬಳ. ಸರಪಳಿ ಅಷ್ಟು ಬಿಗಿಯಾಗಿತ್ತು.

ಕಾಲವೂ ಕೆಟ್ಟದ್ದು. 2023ರ ಆಗಸ್ಟಿನಲ್ಲಿ ವಿದ್ಯುತ್ ಬಸ್ಸು, ಬ್ಯಾಟರಿ ತಯಾರಿಸುತ್ತಿದ್ದ ಅಮೆರಿಕದ ಪ್ರೊಟೆರಾ ದಿವಾಳಿ ಅರ್ಜಿ ಹಾಕಿತು. ಅದರ ಬ್ಯಾಟರಿಯನ್ನೇ ನಂಬಿದ್ದ ವಿದ್ಯುತ್ ಟ್ರಕ್ ಕಂಪನಿ ವೋಲ್ಟಾ ಟ್ರಕ್ಸ್ ಅಕ್ಟೋಬರಿನಲ್ಲಿ ಅದೇ ದಾರಿ ಹಿಡಿಯಿತು. ನಮ್ಮ ಪರೀಕ್ಷಾ ಓಟ ಶುರುವಾದದ್ದು ಅದರ ಬೆನ್ನಿಗೇ. ಟ್ರಕ್ ಕೊಳ್ಳುವವರು ಹತ್ತು ವರ್ಷದ ಲೆಕ್ಕ ಹಾಕುತ್ತಾರೆ. ‘ನೀವು ಮುಳುಗಿದರೆ ನಮ್ಮ ಗಾಡಿಗೆ ಬಿಡಿಭಾಗ ಕೊಡುವವರು ಯಾರು?’ ಎಂದು ಸಾಗಣೆ ಕಂಪನಿಯ ವಾಹನ ವಿಭಾಗದ ಮುಖ್ಯಸ್ಥರು ಮೊದಲ ಸಭೆಯಲ್ಲೇ ಕೇಳಿದ್ದರು. ವೇದಿಕೆಯ ಮೇಲೆ ಗಾಡಿ ತೋರಿಸುವುದಕ್ಕೂ ದಿನವೂ ಸರಕು ಹೊರುವುದಕ್ಕೂ ನಡುವೆ ಎಷ್ಟು ದೂರವಿದೆ ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಟೆಸ್ಲಾದಂಥ ಕಂಪನಿಯೇ 2017ರ ನವೆಂಬರಿನಲ್ಲಿ ತೋರಿಸಿದ ಸೆಮಿ ಟ್ರಕ್ಕನ್ನು ಮೊದಲ ಗ್ರಾಹಕರಿಗೆ ಕೊಟ್ಟದ್ದು 2022ರ ಡಿಸೆಂಬರಿನಲ್ಲಿ.

ಸಮಸ್ಯೆ

ಹತ್ತು ವಾರ ಕಳೆದಾಗ ನಮ್ಮ ಲೆಕ್ಕ ನೂರಕ್ಕೆ 88ಕ್ಕೆ ಬಂದು ನಿಂತಿತ್ತು. ಮೆಕ್ಯಾನಿಕ್ ಬರುವವರೆಗೆ ಕಾದ ಪ್ರಸಂಗಗಳು 31. ಚಾಲಕರೇ ಹೇಗೋ ಎಬ್ಬಿಸಿ ಅರ್ಧ ಗಂಟೆ, ಮುಕ್ಕಾಲು ಗಂಟೆ ತಡವಾಗಿ ಹೊರಟವು ಅದಕ್ಕಿಂತ ಹೆಚ್ಚು.

ಕೆಂಪು ದೀಪ ಹೇಳುತ್ತಿದ್ದದ್ದು ‘ಇನ್ಸುಲೇಶನ್ ದೋಷ’ ಎಂದು. ಸಾಮಾನ್ಯ ವಾಹನದಲ್ಲಿ ಬ್ಯಾಟರಿಯ ಋಣ ತುದಿ ಷಾಸಿಗೇ ಜೋಡಿಸಿರುತ್ತದೆ. ವಿದ್ಯುತ್ ಟ್ರಕ್ಕಿನ ಹೈ ವೋಲ್ಟೇಜ್ ಭಾಗ ಹಾಗಲ್ಲ. ಅದರ ಧನ ತುದಿಯೂ ಋಣ ತುದಿಯೂ ಷಾಸಿಯಿಂದ ದೂರ, ಯಾವುದಕ್ಕೂ ತಾಗದೆ ತೇಲುತ್ತಿರಬೇಕು. ಎಲ್ಲೋ ಒಂದು ಕಡೆ ಷಾಸಿಗೆ ಕರೆಂಟ್ ಸೋರಿದರೆ ತಕ್ಷಣಕ್ಕೆ ಯಾರಿಗೂ ಏನೂ ಆಗುವುದಿಲ್ಲ. ಎರಡನೆಯ ಸೋರಿಕೆ ಇನ್ನೊಂದು ತುದಿಯಿಂದ ಆದಾಗ ಷಾಸಿಯೇ ತಂತಿಯಾಗುತ್ತದೆ. ಅದಕ್ಕೇ ಗಾಡಿಯೊಳಗೆ ಒಂದು ಸಾಧನ ಹೈ ವೋಲ್ಟೇಜ್ ಭಾಗಕ್ಕೂ ಷಾಸಿಗೂ ನಡುವಿನ ರೋಧವನ್ನು ಸದಾ ಅಳೆಯುತ್ತಿರುತ್ತದೆ. ವಿಶ್ವಸಂಸ್ಥೆಯ ಆರ್100 ನಿಯಮದಂತೆ ಡಿಸಿ ಭಾಗ ಪ್ರತ್ಯೇಕವಾಗಿದ್ದರೆ ವೋಲ್ಟಿಗೆ 100 ಓಮ್ ಸಾಕು; ಎಸಿ ಭಾಗವೂ ಅದರೊಂದಿಗೆ ಕೂಡಿಕೊಂಡಿದ್ದರೆ 500 ಓಮ್ ಬೇಕು. ನಾವು 700 ವೋಲ್ಟಿಗೆ 500ರ ಲೆಕ್ಕ ಹಿಡಿದು 350 ಕಿಲೋ ಓಮ್‌ಗೆ ಗೆರೆ ಎಳೆದಿದ್ದೆವು. ನಿಂತ ಗಾಡಿಯಲ್ಲಿ ರೋಧ ಅದಕ್ಕಿಂತ ಕೆಳಗಿಳಿದರೆ ಕಾಂಟ್ಯಾಕ್ಟರ್, ಅಂದರೆ ದೊಡ್ಡ ಬ್ಯಾಟರಿಯನ್ನು ಗಾಡಿಗೆ ಜೋಡಿಸುವ ಸ್ವಿಚ್, ಮುಚ್ಚುವುದಿಲ್ಲ, ಗಾಡಿ ಹೊರಡುವುದಿಲ್ಲ.

ಮಾಡಿ ನೋಡಿದ್ದು

ಮೊದಲ ತಪ್ಪು ನಮ್ಮ ದೂರು ಪಟ್ಟಿಯಲ್ಲೇ ಇತ್ತು. ಪಟ್ಟಿಯ ಮೇಲ್ತುದಿಯಲ್ಲಿದ್ದದ್ದು ‘24 ವೋಲ್ಟ್ ಬ್ಯಾಟರಿ ಖಾಲಿ’, ಅಂದರೆ ಗಾಡಿಯ ಕಂಪ್ಯೂಟರ್‌ಗಳನ್ನು ನಡೆಸುವ ಚಿಕ್ಕ ಬ್ಯಾಟರಿಯ ದೂರು. ಇನ್ಸುಲೇಶನ್ ದೋಷ ಮೂರನೆಯ ಸ್ಥಾನದಲ್ಲಿತ್ತು. ಹಾಗಾಗಿ ನಾವು ಮೂರು ವಾರ ಸಣ್ಣ ಬ್ಯಾಟರಿಗಳ ಹಿಂದೆ ಬಿದ್ದೆವು. ಹೊಸದು ಹಾಕಿದೆವು, ರಾತ್ರಿ ಕರೆಂಟ್ ಎಳೆಯುವ ಉಪಕರಣಗಳನ್ನು ಕಡಿತ ಮಾಡಿದೆವು. ನಿಜ ಏನೆಂದರೆ, ಕೆಂಪು ದೀಪ ಕಂಡ ಚಾಲಕರು ಕೀಯನ್ನು ಇಪ್ಪತ್ತು ಮೂವತ್ತು ಸಲ ತಿರುಗಿಸುತ್ತಿದ್ದರು. ಕಾಂಟ್ಯಾಕ್ಟರ್ ಮುಚ್ಚದಿದ್ದರೆ ದೊಡ್ಡ ಬ್ಯಾಟರಿಯಿಂದ ಚಿಕ್ಕದಕ್ಕೆ ಚಾರ್ಜ್ ಹೋಗುವುದಿಲ್ಲ. ಪ್ರತಿ ಸಲವೂ ಕಂಪ್ಯೂಟರ್‌ಗಳೆಲ್ಲ ಎಚ್ಚರಗೊಂಡು ಚಿಕ್ಕ ಬ್ಯಾಟರಿಯನ್ನೇ ಹೀರುತ್ತಿದ್ದವು. ಅದು ಬರಿದಾದ ಮೇಲೆ ದೂರು ‘24 ವೋಲ್ಟ್’ ಎಂಬ ತಲೆಬರಹದಡಿ ದಾಖಲಾಗುತ್ತಿತ್ತು. ರೋಗದ ಲೆಕ್ಕಕ್ಕೆ ಬರಬೇಕಾದ್ದು ಸುಸ್ತಿನ ಲೆಕ್ಕಕ್ಕೆ ಜಮೆಯಾಗುತ್ತಿತ್ತು.

ಎರಡನೆಯ ಪ್ರಯತ್ನ ಇನ್ನೂ ಬುದ್ಧಿವಂತಿಕೆಯದು, ಆದ್ದರಿಂದ ಇನ್ನೂ ಹೆಚ್ಚು ನಷ್ಟ ತಂದದ್ದು. ನಾಲ್ಕು ಬ್ಯಾಟರಿ ಪ್ಯಾಕ್‌ಗಳಲ್ಲೂ ಒಂದೊಂದು ಇನ್ಸುಲೇಶನ್ ಅಳೆಯುವ ಸಾಧನವಿತ್ತು, ಜಂಕ್ಷನ್ ಬಾಕ್ಸಿನಲ್ಲಿ ನಮ್ಮದೇ ಐದನೆಯದು. ಇವು ಅಳತೆಗೆಂದು ಲೈನಿಗೆ ಸಣ್ಣ ಸಂಕೇತವೊಂದನ್ನು ಬಿಡುತ್ತವೆ; ಒಂದೇ ಲೈನಿನಲ್ಲಿ ಐದೂ ಒಟ್ಟಿಗೆ ಬಿಟ್ಟರೆ ಒಂದರ ಸಂಕೇತ ಇನ್ನೊಂದರ ಅಳತೆಯನ್ನು ಕೆಡಿಸುತ್ತದೆ. ಸಾಫ್ಟ್‌ವೇರ್ ತಂಡ ಇದನ್ನು ಪತ್ತೆ ಹಚ್ಚಿ, ನಮ್ಮದೊಂದನ್ನು ಬಿಟ್ಟು ಉಳಿದವನ್ನೆಲ್ಲ ಸುಮ್ಮನಾಗಿಸಿತು. ಅದು ನಿಜವಾದ ದೋಷವೇ, ಸರಿಪಡಿಸಿದ್ದೂ ಸರಿಯೇ. ಮುಂದಿನ ಹತ್ತು ದಿನ ಒಂದೂ ಕೆಂಪು ದೀಪವಿಲ್ಲ. ಸ್ಥಾಪಕರು ಗ್ರಾಹಕರಿಗೆ ಪತ್ರ ಬರೆದರು: ‘ಸಮಸ್ಯೆ ಬಗೆಹರಿದಿದೆ.’

ಹನ್ನೊಂದನೆಯ ಬೆಳಗ್ಗೆ ಮೂರು ಗಾಡಿಗಳು ಒಟ್ಟಿಗೆ ನಿಂತವು.

ಆ ಹತ್ತು ದಿನ ಡಿಪೊದ ಪ್ರೆಷರ್ ವಾಷರಿನ ಮೋಟಾರು ಸುಟ್ಟು ರಿಪೇರಿಗೆ ಹೋಗಿತ್ತು ಎಂಬುದು ನಮಗೆ ಗೊತ್ತಾದದ್ದು ತುಂಬ ತಡವಾಗಿ. ಹಿಂದಿನ ಎಲ್ಲ ಬೆಳಗುಗಳಿಗಿಂತ ಈ ಒಂದು ಬೆಳಗು ನಮ್ಮ ಮಾನ ಕಳೆಯಿತು. ಕೆಟ್ಟು ನಿಲ್ಲುವ ಗಾಡಿಯನ್ನು ಗ್ರಾಹಕರು ಸಹಿಸಿಕೊಂಡಾರು, ‘ಬಗೆಹರಿದಿದೆ’ ಎಂಬ ಪತ್ರ ಕೈಯಲ್ಲಿ ಹಿಡಿದು ಕೆಟ್ಟ ಗಾಡಿಯ ಮುಂದೆ ನಿಲ್ಲುವುದನ್ನು ಸಹಿಸುವುದಿಲ್ಲ.

ಮಧ್ಯೆ ಏರ್ ಕಂಪ್ರೆಸರ್ ಪೂರೈಸಿದವರ ಮೇಲೆ ಅನುಮಾನ ಬಿದ್ದು ಎರಡು ಕನೆಕ್ಟರ್ ಬದಲಿಸಿದ್ದೂ, ಅವರಿಗೂ ನಮಗೂ ಖಾರವಾದ ಪತ್ರಗಳು ಓಡಾಡಿದ್ದೂ ಉಂಟು. ಅದನ್ನು ವಿವರಿಸುವಷ್ಟು ಅದರಲ್ಲಿ ಹುರುಳಿಲ್ಲ.

ಸಹಿ ಹಾಕುವವರು ಯಾರು?

ಮೂರು ಗಾಡಿ ನಿಂತ ಮಧ್ಯಾಹ್ನವೇ ಸಭೆ. ಮಾರಾಟದ ಮುಖ್ಯಸ್ಥರು ಒಂದು ಸರಳ ದಾರಿ ಹೇಳಿದರು. ಬೆಳಗಿನ ದಾಖಲೆಗಳಲ್ಲಿ ಅತಿ ಕಡಿಮೆ ರೋಧ 140 ಕಿಲೋ ಓಮ್. ಡಿಸಿಗೆ ವೋಲ್ಟಿಗೆ 100 ಓಮ್ ಎಂದು ನಿಯಮವೇ ಒಪ್ಪುತ್ತದೆ, ಅಂದರೆ 70 ಕಿಲೋ ಓಮ್. ನಮ್ಮ ಗೆರೆಯನ್ನು 350ರಿಂದ 70ಕ್ಕೆ ಇಳಿಸಿದರೆ ಒಂದು ಗಾಡಿಯೂ ನಿಲ್ಲುವುದಿಲ್ಲ. ಬದಲಿಸಬೇಕಾದ್ದು ಒಂದೇ ಒಂದು ಸಂಖ್ಯೆ. ರಾತ್ರಿಯೊಳಗೆ ಹನ್ನೆರಡೂ ಗಾಡಿಗಳಿಗೆ ದೂರದಿಂದಲೇ ಕಳುಹಿಸಬಹುದು.

ಇದನ್ನು ಓದುವಾಗ ಉತ್ತರ ಸುಲಭವೆನಿಸುತ್ತದೆ. ಆ ಕೋಣೆಯಲ್ಲಿ ಹಾಗನಿಸಲಿಲ್ಲ. ಸ್ಥಾಪಕರು ಹತ್ತು ನಿಮಿಷ ಮಾತಾಡಲಿಲ್ಲ. ಅವರ ಮೌನ ಒಪ್ಪಿಗೆಯ ಕಡೆಗೇ ವಾಲಿತ್ತು ಎಂದು ನನ್ನ ಅಂದಾಜು. ಅವರನ್ನು ನಾನು ದೂರುವುದಿಲ್ಲ. ಎಂಬತ್ತು ಜನರ ಸಂಬಳ ಅವರ ತಲೆಯ ಮೇಲಿತ್ತು, ನನ್ನ ತಲೆಯ ಮೇಲಲ್ಲ.

ಮುಖ್ಯ ಎಂಜಿನಿಯರ್ ಎರಡು ಮಾತು ಹೇಳಿದರು. ಒಂದು, ನಮ್ಮ ಇನ್ವರ್ಟರ್ ಮೂಲಕ ಮೋಟಾರಿನ ಎಸಿ ಭಾಗ ಡಿಸಿಗೆ ಕೂಡಿಕೊಂಡೇ ಇದೆ, 100ರ ಲೆಕ್ಕ ಹಾಗೆ ಸುಮ್ಮನೆ ನಮಗೆ ಅನ್ವಯಿಸುವುದಿಲ್ಲ. ಎರಡನೆಯದಕ್ಕೆ ಅವರು ಏಳನೆಯ ಗಾಡಿಯ ಬೆಳಗಿನ ಅಳತೆಗಳನ್ನು ಗೋಡೆಯ ಮೇಲೆ ಹಾಕಿದರು. ಮೊದಲ ವಾರ 300, ಐದನೆಯ ವಾರ 220, ಈ ವಾರ 140. ‘ಇದು ಇಳಿಯುತ್ತಾ ಇದೆ ಸರ್. ಗೆರೆಯನ್ನು 70ಕ್ಕೆ ತಂದರೆ ಮುಂದಿನ ತಿಂಗಳು 70ಕ್ಕೂ ಬರುತ್ತದೆ. ಆಗ?’ ಆಮೇಲೆ ಸಂಖ್ಯೆ ಬದಲಿಸುವ ಅನುಮೋದನೆ ಪತ್ರವನ್ನು ಮೇಜಿನ ಮಧ್ಯೆ ಇಟ್ಟು, ‘ಇದಕ್ಕೆ ಸಹಿ ಯಾರದು?’ ಎಂದು ಕೇಳಿದರು.

ಯಾರೂ ಪೆನ್ನು ತೆಗೆಯಲಿಲ್ಲ. ಸಭೆ ಅಲ್ಲಿಗೆ ಮುಗಿಯಿತು.

ಮೇಲ್ವಿಚಾರಕಿಯ ನೋಟ್‌ಬುಕ್

ಮರುದಿನ ನಾನು ಡಿಪೊಗೆ ಹೋದೆ. ನಮ್ಮಲ್ಲಿ ಯಾರೂ ಅಲ್ಲಿ ಬೆಳಗಿನ ಒಂಬತ್ತಕ್ಕೆ ಮುಂಚೆ ಕಾಲಿಟ್ಟಿರಲಿಲ್ಲ ಎಂಬುದು ನಾಚಿಕೆಯ ವಿಷಯ. ಗಾಡಿಗಳು ಕಳುಹಿಸುವ ಮಾಹಿತಿಯೆಲ್ಲ ನಮ್ಮ ಪರದೆಗೆ ಬರುತ್ತಿತ್ತಲ್ಲ, ಹೋಗುವುದೇಕೆ ಎಂಬ ಧೋರಣೆ.

ರಾತ್ರಿ ಪಾಳಿಯ ಮೇಲ್ವಿಚಾರಕಿ ಒಂದು ಉದ್ದನೆಯ ನೋಟ್‌ಬುಕ್ ಇಟ್ಟಿದ್ದರು. ಗಾಡಿಯ ಸಂಖ್ಯೆ, ನಿಂತ ಜಾಗ, ತೊಳೆದದ್ದು ಹೌದೋ ಅಲ್ಲವೋ, ಚಾರ್ಜ್ ಮುಗಿದ ವೇಳೆ, ಬೆಳಗ್ಗೆ ಹೊರಟ ವೇಳೆ. ಕೊನೆಯ ಕಾಲಂನಲ್ಲಿ ನಿಂತ ಗಾಡಿಗಳಿಗೆ ಕೆಂಪು ಗುಂಡು. ‘ಬೇಗ ಚಾರ್ಜ್ ಮುಗಿಸಿದ ಗಾಡಿಗಳೇ ಕೈಕೊಡೋದು, ಅದೂ ತೊಳೆದ ದಿನ,’ ಎಂದರು. ‘ನಿಮ್ಮ ಮೆಕ್ಯಾನಿಕ್‌ಗೆ ಎರಡು ಸಲ ಹೇಳಿದೆ. ಅವರು ಫೋನ್ ನೋಡಿ, ಅದಕ್ಕೂ ಇದಕ್ಕೂ ಸಂಬಂಧ ಇಲ್ಲ ಮೇಡಂ ಅಂದ್ರು.’

ಡಿಪೊಗೆ ಸಿಕ್ಕಿದ್ದ ವಿದ್ಯುತ್ ಸಂಪರ್ಕ 300 ಕಿಲೋವ್ಯಾಟ್. ಹನ್ನೆರಡನ್ನೂ ಒಟ್ಟಿಗೆ ಪೂರ್ಣ ವೇಗದಲ್ಲಿ ತುಂಬಿಸಲಾಗದು. ಹಾಗಾಗಿ ಚಾರ್ಜಿಂಗ್ ಸಾಫ್ಟ್‌ವೇರ್ ಆರು ಗಾಡಿಗಳನ್ನು ಸಂಜೆ ಎಂಟರಿಂದ ಮಧ್ಯರಾತ್ರಿಯವರೆಗೆ, ಉಳಿದ ಆರನ್ನು ಮಧ್ಯರಾತ್ರಿಯಿಂದ ನಾಲ್ಕರವರೆಗೆ ತುಂಬಿಸುತ್ತಿತ್ತು. ಕೆಂಪು ಗುಂಡುಗಳೆಲ್ಲ ಮೊದಲು ಚಾರ್ಜ್ ಮುಗಿಸುತ್ತಿದ್ದ ಆರರ ಸಾಲಿನಲ್ಲಿ. ಚಾರ್ಜ್ ಆಗುವಾಗ ಕರೆಂಟ್ ಹರಿದು ಜಂಕ್ಷನ್ ಬಾಕ್ಸ್ ಬೆಚ್ಚಗಿರುತ್ತದೆ. ಮಧ್ಯರಾತ್ರಿಗೆ ಮುಗಿಸಿದ ಗಾಡಿ ಐದು ಗಂಟೆ ತಣ್ಣಗೆ ನಿಲ್ಲುತ್ತದೆ. ನಾಲ್ಕಕ್ಕೆ ಮುಗಿಸಿದ್ದು ಐದಕ್ಕೆ ಇನ್ನೂ ಬೆಚ್ಚಗೆ. ಅಲ್ಲದೆ ಡಿಸಿ ಚಾರ್ಜಿಂಗ್ ನಡೆಯುವಾಗ ಇನ್ಸುಲೇಶನ್ ಕಾಯುವುದು ಚಾರ್ಜರಿನ ಕೆಲಸ, ಗಾಡಿಯ ಸಾಧನ ಆಗ ಸುಮ್ಮನಿರುತ್ತದೆ. ಪ್ಲಗ್ ಕಿತ್ತು ಕೀ ತಿರುಗಿಸಿದಾಗಲೇ ಅದು ಮೊದಲ ಬಾರಿ ಕಣ್ಣು ಬಿಡುವುದು. ನಮ್ಮ ಪರದೆಯಲ್ಲಿ ರಾತ್ರಿಯಿಡೀ ಎಲ್ಲವೂ ಸರಿಯಾಗಿ ಕಂಡದ್ದು ಅದಕ್ಕೇ.

ನಾಲ್ಕು ಗಂಟೆಯ ಅಳತೆ

ಎರಡು ದಿನ ಬಿಟ್ಟು, ಗಾಡಿ ತೊಳೆದ ರಾತ್ರಿ, ಮೂರೂ ನಲವತ್ತಕ್ಕೆ ನಾನು ಮತ್ತು ಒಬ್ಬ ಹಿರಿಯ ಟೆಕ್ನಿಷಿಯನ್ ಏಳನೆಯ ಗಾಡಿಯ ಪಕ್ಕ ಕುಳಿತೆವು. ಗಾಜಿನ ಮೇಲೆ ಇಬ್ಬನಿ ದಪ್ಪಗೆ ಕೂತಿತ್ತು. ಸರ್ವಿಸ್ ಪ್ಲಗ್ ಕಿತ್ತು, ಕೆಪಾಸಿಟರ್‌ಗಳು ಖಾಲಿಯಾಗುವಷ್ಟು ಹೊತ್ತು ಕಾದು, ವೋಲ್ಟೇಜ್ ಸೊನ್ನೆ ಎಂದು ಖಾತ್ರಿ ಮಾಡಿಕೊಂಡು, ರಬ್ಬರ್ ಗ್ಲೌಸ್ ಹಾಕಿ, ಇನ್ಸುಲೇಶನ್ ರೋಧ ಅಳೆಯುವ ಮೆಗ್ಗರ್ ಹಿಡಿದೆವು. 160 ಕಿಲೋ ಓಮ್.

ಈಗ ಒಂದೊಂದೇ ಕವಲನ್ನು ಬಿಡಿಸುತ್ತ ಹೋಗುವುದು. ಕಂಪ್ರೆಸರ್ ಬಿಡಿಸಿದಾಗ 165. ಹೀಟರ್ ಬಿಡಿಸಿದಾಗ 168. ಇನ್ವರ್ಟರ್, ಸ್ಟಿಯರಿಂಗ್ ಪಂಪ್, ನಾಲ್ಕೂ ಬ್ಯಾಟರಿ ಕೇಬಲ್. ಎಲ್ಲವನ್ನೂ ಬಿಡಿಸಿದ ಮೇಲೂ 200. ಇನ್ನು ಉಳಿದದ್ದು ಜಂಕ್ಷನ್ ಬಾಕ್ಸ್ ಒಂದೇ, ನಮ್ಮದೇ ಕೈಯಲ್ಲಿ ಮಾಡಿದ್ದು. ಟೆಕ್ನಿಷಿಯನ್ ನನ್ನ ಮುಖ ನೋಡಿ ಏನೂ ಹೇಳಲಿಲ್ಲ. ವ್ಯಾನಿನಿಂದ ಹೀಟ್ ಗನ್ ತಂದು, ದೂರದಿಂದ, ಬಾಕ್ಸಿನ ಮುಚ್ಚಳದ ಮೇಲೆ ಬಿಸಿಗಾಳಿ ಆಡಿಸತೊಡಗಿದ. ಐದು ನಿಮಿಷಕ್ಕೆ 310. ಹತ್ತಕ್ಕೆ 640. ಕಾಲು ಗಂಟೆಗೆ ಮುಳ್ಳು ಒಂದು ಮೆಗಾ ಓಮ್ ದಾಟಿತು. ಹತ್ತು ವಾರ ಬೆಳಗಿನ ಬಿಸಿಲು ಮಾಡುತ್ತಿದ್ದ ಕೆಲಸವನ್ನು ಅವನು ಹದಿನೈದು ನಿಮಿಷದಲ್ಲಿ ಮಾಡಿ ತೋರಿಸಿದ.

ಮುಚ್ಚಳ ಬಿಚ್ಚಿದರೆ ತಳದ ಮೂಲೆಯಲ್ಲಿ ಎರಡು ಚಮಚೆಯಷ್ಟು ನೀರು. ಗೋಡೆಯ ಮೇಲೆ, ಕೆರೆಯ ನೀರು ಇಳಿದಾಗ ಬಂಡೆಯ ಮೇಲೆ ಉಳಿಯುವಂಥ ಬಿಳಿ ಗೆರೆಗಳು, ಒಂದರ ಕೆಳಗೊಂದು. ತಾಮ್ರದ ಪಟ್ಟಿಯನ್ನು ಹೊತ್ತ ಇನ್ಸುಲೇಟರ್ ಒಂದರ ಮೇಲೆ, ಪಟ್ಟಿಯಿಂದ ಬಾಕ್ಸಿನ ಲೋಹದ ಕಡೆಗೆ, ಕೂದಲೆಳೆಯಷ್ಟು ತೆಳುವಾದ ಕಂದು ಗೆರೆ. ತೇವದ ಮೇಲೆ ಸೋರಿದ ಕರೆಂಟ್ ಇನ್ಸುಲೇಟರನ್ನೇ ಸುಡುತ್ತ ತನಗೆ ದಾರಿ ಮಾಡಿಕೊಳ್ಳತೊಡಗಿತ್ತು. 300ರಿಂದ 140ಕ್ಕೆ ಇಳಿದ ಅಂಕಿಗಳ ಅರ್ಥ ಅದು. ಗೆರೆಯನ್ನು 70ಕ್ಕೆ ಇಳಿಸಿದ್ದರೆ ಈ ಬಾಕ್ಸ್ ಇನ್ನೂ ಕೆಲವು ತಿಂಗಳು ತೆರೆಯದೆ ಓಡುತ್ತಿತ್ತು. ಆ ಯೋಚನೆ ಬಂದಾಗ ನನಗೆ ಚಳಿ ಇನ್ನಷ್ಟು ಹೆಚ್ಚಾಯಿತು.

ನೀರು ಒಳಗೆ ಹೋದದ್ದು ಹೇಗೆ

ಬಾಕ್ಸ್ ಐಪಿ67 ಪರೀಕ್ಷೆಯಲ್ಲಿ ಪಾಸಾಗಿತ್ತು, ಅಂದರೆ ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ಮುಳುಗಿಸಿಟ್ಟರೂ ಒಳಗೆ ಒಣ. ಆ ಪ್ರಮಾಣಪತ್ರವನ್ನು ನಾವು ಗ್ರಾಹಕರಿಗೆ ಹೆಮ್ಮೆಯಿಂದ ತೋರಿಸಿದ್ದೆವು. ಆದರೆ ಆ ಪರೀಕ್ಷೆ ನಡೆದದ್ದು ತಣ್ಣಗಿದ್ದ ಬಾಕ್ಸಿನ ಮೇಲೆ, ಕೇಬಲ್‌ಗಳು ನೆಟ್ಟಗೆ ಹೊರಬಂದಿದ್ದಾಗ.

ಇಂಥ ಬಾಕ್ಸಿಗೆ ನಾಣ್ಯದಗಲದ ಒಂದು ವೆಂಟ್ ಇರುತ್ತದೆ. ಅದರ ತೆಳು ಪೊರೆ ಗಾಳಿಯನ್ನು ಬಿಡುತ್ತದೆ, ನೀರನ್ನು ಬಿಡುವುದಿಲ್ಲ. ನಮ್ಮ ಏಳನೆಯ ಗಾಡಿಯ ವೆಂಟ್ ಎಲ್ಲಿದೆಯೆಂದು ಹುಡುಕಬೇಕಾಯಿತು. ಕಪ್ಪು ಮೇಣದಂಥ ತುಕ್ಕುನಿರೋಧಕ ಲೇಪನದ ಕೆಳಗೆ ಅದು ಪೂರ್ತಿ ಹೂತುಹೋಗಿತ್ತು.

ಗಾಡಿ ಸಂಜೆ ಮರಳುವಾಗ ಬಾಕ್ಸಿನೊಳಗೆ ಸುಮಾರು 60 ಡಿಗ್ರಿ. ನೇರವಾಗಿ ತೊಳೆಯುವ ಜಾಗಕ್ಕೆ ಹೋಗಿ, ತಣ್ಣೀರು ಬಿದ್ದು 25ಕ್ಕೆ ಇಳಿದರೆ ಒಳಗಿನ ಗಾಳಿಯ ಒತ್ತಡ ಹತ್ತನೇ ಒಂದರಷ್ಟು ಕುಸಿಯುತ್ತದೆ. ಅದು ಒಂದು ಮೀಟರ್ ನೀರಿನ ಅಡಿಯಲ್ಲಿದ್ದಷ್ಟೇ ಒತ್ತಡ. ವೆಂಟ್ ತೆರೆದಿದ್ದರೆ ಅಲ್ಲಿಂದ ಗಾಳಿ ಒಳಬಂದು ಎಲ್ಲ ಸಮವಾಗುತ್ತಿತ್ತು. ಅದು ಮುಚ್ಚಿದ್ದರಿಂದ ಬಾಕ್ಸ್ ಎಲ್ಲಿ ಬಿಗಿ ಕಡಿಮೆಯೋ ಅಲ್ಲಿಂದ ಉಸಿರೆಳೆಯಿತು. ಬಿಗಿ ಕಡಿಮೆಯಿದ್ದದ್ದು ಹಿಂಬದಿಯ ಕೇಬಲ್ ಗ್ಲ್ಯಾಂಡಿನಲ್ಲಿ, ಅಂದರೆ ಕೇಬಲ್ ಹೊರಬರುವ ಸೀಲು ಹಾಕಿದ ಜಾಗದಲ್ಲಿ. ಜಾಗ ಸಾಲದೆ ಅಲ್ಲಿ ಕೇಬಲನ್ನು ಹೊರಬಂದ ತಕ್ಷಣವೇ ಬಗ್ಗಿಸಿದ್ದೆವು. ದಪ್ಪ ಕೇಬಲ್ ಸೀಲನ್ನು ಒಂದು ಬದಿಗೆ ಎಳೆದು ಇನ್ನೊಂದು ಬದಿಯಲ್ಲಿ ಸಂದಿ ಬಿಟ್ಟಿತ್ತು. ಪ್ರತಿ ತೊಳೆತಕ್ಕೂ ಕೆಲವು ಹನಿ.

ಹನ್ನೆರಡು ಗಾಡಿಗಳಲ್ಲಿ ಮೊದಲ ನಾಲ್ಕು ಒಂದು ದಿನವೂ ನಿಂತಿರಲಿಲ್ಲ. ಅವನ್ನು ಹಿರಿಯರೇ ಕೂತು ಜೋಡಿಸಿದ್ದು, ಅದಕ್ಕೇ ಗಟ್ಟಿ ಎಂದು ಕಾರ್ಖಾನೆಯಲ್ಲಿ ಎಲ್ಲರೂ ನಂಬಿದ್ದರು. ಕಾರಣ ಬೇರೆ. ಆ ನಾಲ್ಕರಲ್ಲಿ ಒಂದಕ್ಕೆ ಸ್ವಲ್ಪ ತುಕ್ಕು ಕಂಡು ಇದೇ ಗ್ರಾಹಕರು ದೂರು ಕೊಟ್ಟ ಮೇಲೆ, ಐದನೆಯದರಿಂದ ಮುಂದಕ್ಕೆ ಕೆಳಭಾಗಕ್ಕೆಲ್ಲ ಲೇಪನ ಹೊಡೆಸಲು ಹೊರಗಿನವರಿಗೆ ಗುತ್ತಿಗೆ ಕೊಟ್ಟಿದ್ದೆವು. ಅವರಿಗೆ ನಾವು ಕೊಟ್ಟ ಕೆಲಸದ ಚೀಟಿಯಲ್ಲಿ ‘ಕೆಳಭಾಗ ಪೂರ್ತಿ’ ಎಂದಿತ್ತು. ವೆಂಟ್ ಮುಚ್ಚಿ ಹೊಡೆಯಬೇಕೆಂದು ಎಲ್ಲೂ ಇರಲಿಲ್ಲ. ಅವರು ಹೇಳಿದಂತೆಯೇ ಮಾಡಿದ್ದರು.

ಎಂಟು ಗಾಡಿ ನಿಲ್ಲಿಸಿದ್ದು

ಎರಡು ದಾರಿಗಳಿದ್ದವು. ತೊಳೆಯುವುದನ್ನು ನಿಲ್ಲಿಸಿ, ಓಟ ಮುಂದುವರಿಸುತ್ತಲೇ ವಾರಕ್ಕೆ ಎರಡು ಗಾಡಿ ಸರಿಪಡಿಸುವುದು. ಅಥವಾ ಲೇಪನವಿದ್ದ ಎಂಟನ್ನೂ ಅಂದೇ ನಿಲ್ಲಿಸುವುದು. ಮೊದಲನೆಯದು ಲೆಕ್ಕದಲ್ಲಿ ಅಗ್ಗ, ಮಾನವೂ ಉಳಿಯುತ್ತದೆ. ಕಂದು ಗೆರೆಯ ಫೋಟೊವನ್ನು ಸ್ಥಾಪಕರ ಮುಂದಿಟ್ಟಾಗ ಅವರು ಹೆಚ್ಚು ಕೇಳಲಿಲ್ಲ. ‘ಉಳಿದ ಏಳರಲ್ಲಿ ಈ ಗೆರೆ ಎಷ್ಟು ಉದ್ದ ಇದೆ ಅಂತ ನಮಗೆ ಗೊತ್ತಾ?’ ಗೊತ್ತಿರಲಿಲ್ಲ. ಮಧ್ಯಾಹ್ನದೊಳಗೆ ಎಂಟೂ ನಿಂತವು. ಪತ್ರವನ್ನು ಅವರೇ ಬರೆದರು. ಈ ಸಲ ‘ಬಗೆಹರಿದಿದೆ’ ಎಂಬ ಪದವಿರಲಿಲ್ಲ, ಫೋಟೊಗಳಿದ್ದವು.

ಆ ದಿನಗಳಲ್ಲಿ ನಿಕೋಲಾ ಕಂಪನಿಯ ಪ್ರಸಂಗ ನಮ್ಮ ನಡುವೆ ಆಗಾಗ ಬರುತ್ತಿತ್ತು. 2023ರ ಜೂನಿನಲ್ಲಿ ಅವರ ಬ್ಯಾಟರಿ ಟ್ರಕ್‌ಗಳಿಗೆ ಬೆಂಕಿ ಬಿದ್ದಾಗ ಮೊದಲು ಯಾರೋ ಬೇಕೆಂದೇ ಮಾಡಿರಬಹುದೆಂದು ಕಂಪನಿ ಶಂಕಿಸಿತು. ತನಿಖೆ ಬ್ಯಾಟರಿಯೊಳಗಿನ ಕೂಲಂಟ್ ಸೋರಿಕೆಯ ಕಡೆ ಬೆರಳು ಮಾಡಿತು. ಆಗಸ್ಟಿನಲ್ಲಿ 209 ಟ್ರಕ್‌ಗಳನ್ನು ವಾಪಸು ಕರೆಯಬೇಕಾಯಿತು. 2025ರ ಫೆಬ್ರುವರಿಯಲ್ಲಿ ಆ ಕಂಪನಿ ದಿವಾಳಿ ಅರ್ಜಿ ಹಾಕಿತು. ಅದಕ್ಕೆ ಕಾರಣಗಳು ಇನ್ನೂ ಹಲವು ಇದ್ದವು. ಮೊದಲ ಅನುಮಾನ ಹೊರಗಿನವರ ಮೇಲೆ ಹೋಗುವುದು ಎಲ್ಲರಿಗೂ ಸಹಜ. ನಾವು ಕಂಪ್ರೆಸರ್‌ನವರಿಗೆ ಬರೆದ ಪತ್ರಗಳು ಇನ್ನೂ ಫೈಲಿನಲ್ಲಿದ್ದವು.

ವಾಹನ ವಿಭಾಗದ ಮುಖ್ಯಸ್ಥರು ಫೋನಿನಲ್ಲಿ ಎರಡೇ ಪ್ರಶ್ನೆ ಕೇಳಿದರು. ಉಳಿದ ನಾಲ್ಕನ್ನು ಓಡಿಸಬಹುದೇ? ಈ ಸಲ ನಿಮ್ಮನ್ನು ಏಕೆ ನಂಬಬೇಕು? ಎರಡನೆಯದಕ್ಕೆ ಮುಖ್ಯ ಎಂಜಿನಿಯರ್, ‘ನಂಬಬೇಡಿ, ಬಂದು ನೋಡಿ’ ಎಂದರು. ಅವರು ಬಂದರು, ಜೊತೆಗೆ ರಾತ್ರಿ ಪಾಳಿಯ ಮೇಲ್ವಿಚಾರಕಿಯನ್ನೂ ಕರೆತಂದರು. ಹಳೆಯ ಬಾಕ್ಸ್ ಒಂದನ್ನು 60 ಡಿಗ್ರಿಗೆ ಕಾಯಿಸಿ ಅವರೆದುರೇ ತಣ್ಣೀರು ಸುರಿದೆವು. ಆರನೆಯ ಸುತ್ತಿಗೆ ನೀರು ಒಳಗಿತ್ತು. ಆಮೇಲೆ ಹೊಸದನ್ನು ಕಾಯಿಸಿದೆವು: ವೆಂಟ್ ಬದಿಯ ಗೋಡೆಗೆ ಹೋಗಿತ್ತು, ಅದರ ಮೇಲೊಂದು ಚಿಕ್ಕ ತಗಡಿನ ಮರೆ, ಗ್ಲ್ಯಾಂಡನ್ನು ತಿರುಗಿಸಿ, ಕೇಬಲ್ ಒಂದು ಗೇಣು ನೆಟ್ಟಗೆ ಬಂದ ಮೇಲೆ ಬಗ್ಗುವಂತೆ ಕ್ಲಾಂಪ್ ಹಾಕಿದ್ದೆವು. ಇಪ್ಪತ್ತು ಸುತ್ತಿಗೂ ಒಣ. ಬಿಸಿಯಾದ ಪೆಟ್ಟಿಗೆಯ ಮೇಲೆ ಹಠಾತ್ತನೆ ತಣ್ಣೀರು ಎರಚಿ ನೋಡುವ ಪರೀಕ್ಷೆ ಐಎಸ್‌ಒ 16750-4ರಲ್ಲಿ ಇದೆ; ವಾಷರಿನ ಜೋರು ಧಾರೆಗೆ ಐಎಸ್‌ಒ 20653ರಲ್ಲಿ ಬೇರೆಯೇ ಪರೀಕ್ಷೆ ಇದೆ. ಕಾಗದದ ಮೇಲೆ ಇವು ನಮಗೆ ಗೊತ್ತಿದ್ದವೇ. ಮೂರು ವರ್ಷದ ಹಿಂದೆ, ಹಣ ಮತ್ತು ಸಮಯ ಉಳಿಸಲು ಒಂದು ಪರೀಕ್ಷೆ ಸಾಕೆಂದು ಆರಿಸಿಕೊಂಡವರೂ ನಾವೇ.

ಆಮೇಲೆ

ಎಂಟು ಗಾಡಿಗಳು ಮತ್ತೆ ರಸ್ತೆಗಿಳಿಯಲು ಮೂರು ವಾರ ಹಿಡಿಯಿತು. ಅಷ್ಟೂ ದಿನ ಡೀಸೆಲ್ ಟ್ರಕ್‌ಗಳ ಬಾಡಿಗೆ ನಮ್ಮ ಲೆಕ್ಕಕ್ಕೆ. ಪರೀಕ್ಷಾ ಓಟವನ್ನು ನಾಲ್ಕು ತಿಂಗಳು ಮುಂದಕ್ಕೆ ಎಳೆಯಲಾಯಿತು. ಕೊನೆಯ ಮೂರು ತಿಂಗಳ ಲೆಕ್ಕ ನೂರಕ್ಕೆ 97. ಆದರೂ ಆರ್ಡರ್ ಬಂದದ್ದು ಇಪ್ಪತ್ತು ಗಾಡಿಗಳಿಗೆ ಮಾತ್ರ, ಉಳಿದ ನಲವತ್ತು ಒಂದು ವರ್ಷ ನೋಡಿದ ಮೇಲೆ. ಹೂಡಿಕೆಯ ಕಂತು ಅರ್ಧಕ್ಕಿಳಿಯಿತು. ದೂರದ ಓಟದ ದೊಡ್ಡ ಟ್ರಕ್ಕಿನ ಯೋಜನೆ ನಿಂತುಹೋಯಿತು, ಅದರಲ್ಲಿದ್ದ ಹದಿನಾಲ್ಕು ಜನ ಕೆಲಸ ಕಳೆದುಕೊಂಡರು. ಸತ್ಯ ಹೇಳಿದ್ದಕ್ಕೆ ಬಹುಮಾನ ಸಿಕ್ಕಿತೆಂದು ಇದನ್ನು ಯಾರಾದರೂ ಹೇಳಿದರೆ ನನಗೆ ಸಿಟ್ಟು ಬರುತ್ತದೆ. ಕಂಪನಿ ಉಳಿಯಿತು, ಅಷ್ಟೇ.

ಪರೀಕ್ಷಾ ಓಟವನ್ನೇ ಅವಸರದಲ್ಲಿ ಶುರುಮಾಡಿದಿರಿ ಎಂದು ಕೆಲವು ಸಹೋದ್ಯೋಗಿಗಳು ಈಗಲೂ ವಾದಿಸುತ್ತಾರೆ. ನನಗೆ ಹಾಗನಿಸುವುದಿಲ್ಲ. ಲೇಪನ, ತೊಳೆತ, ಚಾರ್ಜಿಂಗ್ ಸರದಿ, ಇಬ್ಬನಿ ಈ ನಾಲ್ಕೂ ಒಂದೇ ರಾತ್ರಿ ಒಂದೇ ಗಾಡಿಯ ಮೇಲೆ ಕೂಡಿಬರುವುದನ್ನು ಯಾವ ಪ್ರಯೋಗಶಾಲೆಯಲ್ಲಿ ಹೊಳೆಸಿಕೊಳ್ಳುತ್ತಿದ್ದೆವು? ಅವಸರ ಮಾಡಿದ್ದು ಬೇರೆ ಕಡೆ. ಗಾಡಿ ಕೊಟ್ಟೆವು, ಆ ಗಾಡಿ ಬದುಕುವ ಜಾಗದಲ್ಲಿ ಒಬ್ಬರನ್ನೂ ಇಡಲಿಲ್ಲ. ಮೊದಲ ವಾರವೇ ಯಾರಾದರೂ ನಾಲ್ಕು ಗಂಟೆಗೆ ಅಲ್ಲಿದ್ದಿದ್ದರೆ, ಒಂಬತ್ತೂವರೆಯ ‘ದೋಷ ಕಂಡುಬಂದಿಲ್ಲ’ ಎಂಬ ಸಾಲು 31 ಸಲ ಬರೆಯಬೇಕಾಗುತ್ತಿರಲಿಲ್ಲ. ಈಗ ಪ್ರತಿ ಹೊಸ ಡಿಪೊಗೆ ಮೊದಲ ಆರು ವಾರ ನಮ್ಮವರೊಬ್ಬರು ರಾತ್ರಿ ಪಾಳಿಯಲ್ಲಿರುತ್ತಾರೆ. ಮೇಲ್ವಿಚಾರಕಿಯ ನೋಟ್‌ಬುಕ್ಕಿನ ಐದು ಕಾಲಂಗಳು ನಮ್ಮ ಪರದೆಯ ಮೇಲೂ ಬಂದಿವೆ. ದೂರು ದಾಖಲಿಸುವಾಗ ‘ಮೊದಲು ಕಂಡದ್ದೇನು’ ಎಂಬುದನ್ನೂ ‘ಕೊನೆಗೆ ನಿಂತದ್ದು ಯಾವುದರಿಂದ’ ಎಂಬುದನ್ನೂ ಬೇರೆ ಬೇರೆ ಬರೆಯುತ್ತೇವೆ.

ಲೇಪನದವರಿಗೆ ಈಗ ಕೊಡುವ ಚೀಟಿಯೊಂದಿಗೆ ಒಂದು ಕೆಂಪು ರಬ್ಬರ್ ಮುಚ್ಚಳವೂ ಹೋಗುತ್ತದೆ, ಲೇಪನಕ್ಕೆ ಮುಂಚೆ ವೆಂಟ್ ಮೇಲೆ ಕೂರಿಸಲು. ಹೊಸ ಇಪ್ಪತ್ತರ ಮೊದಲ ಕಂತಿನಲ್ಲಿ ಮೂರನೆಯ ಗಾಡಿ ಕೊನೆಯ ತಪಾಸಣೆಗೆ ಬಂದಾಗ ಬಾಕ್ಸಿಗೆ ಸ್ವಲ್ಪ ಗಾಳಿ ತುಂಬಿ ಬಿಟ್ಟೆವು. ಒತ್ತಡ ಇಳಿಯಲೇ ಇಲ್ಲ. ಟೆಕ್ನಿಷಿಯನ್ ಟಾರ್ಚ್ ಹಿಡಿದು ಕೆಳಗೆ ನುಸುಳಿದ. ಕೆಂಪು ಮುಚ್ಚಳ ಇನ್ನೂ ಅಲ್ಲೇ ಕೂತಿತ್ತು.